ಅಮ್ಮನ ಮಾತ್ರೆ, ಕಾಫಿ ಲೋಟ ಮತ್ತು 870 ಕುರಿಗಳು

ನಮ್ಮಮ್ಮನಿಗೆ ಥೈರಾಯ್ಡ್ ಇದೆ. ಥೈರಾಯ್ಡ್ ಎಲ್ಲರಿಗೂ ಇರುತ್ತೆ ಬಿಡಿ, ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಕೂತಿರೋ ಒಂದು ಗ್ರಂಥಿ ಅದು. ಆದರೆ "ಶುಗರ್ ಇದೆ", "ಬಿಪಿ ಇದೆ" ಅನ್ನೋ ಹಾಗೆ ನಮ್ಮ ಕಡೆ "ಥೈರಾಯ್ಡ್ ಇದೆ" ಅಂದರೆ ಅದು ಸರಿಯಾಗಿ ಕೆಲಸ ಮಾಡ್ತಾ ಇಲ್ಲ ಅಂತ ಅರ್ಥ.

ನಾಲ್ಕು ವರ್ಷದ ಹಿಂದೆ ಗೊತ್ತಾಗಿದ್ದು. ಅದಕ್ಕೂ ಮುಂಚೆ ಎರಡು ವರ್ಷ ಅಮ್ಮ "ಸುಸ್ತು", "ಚಳಿ", "ಮೈ ಭಾರ" ಅಂತ ಹೇಳ್ತಾನೇ ಇದ್ದರು. ನಾವು ಮನೆಯವರೆಲ್ಲ ಸೇರಿ ಅದಕ್ಕೆ ವಯಸ್ಸು ಅಂತ ಹೆಸರಿಟ್ಟು ಸುಮ್ಮನಾಗಿದ್ದೆವು. ಆಮೇಲೆ ರಕ್ತಪರೀಕ್ಷೆ, ದಿನಕ್ಕೊಂದು ಪುಟ್ಟ ಬಿಳಿ ಮಾತ್ರೆ. ಅಲ್ಲಿಗೆ ಕಥೆ ಮುಗೀಬೇಕಿತ್ತು. ಮುಗೀಲಿಲ್ಲ. ಡೋಸ್ 50 ಮೈಕ್ರೋಗ್ರಾಂನಿಂದ 75ಕ್ಕೆ, 75ರಿಂದ 100ಕ್ಕೆ ಏರಿತು. ಟಿಎಸ್‌ಎಚ್ ಅನ್ನೋ ಸಂಖ್ಯೆ ಮಾತ್ರ ಇಳಿಯೋ ಲಕ್ಷಣವೇ ಇಲ್ಲ. ಡಾಕ್ಟರು ಕನ್ನಡಕದ ಮೇಲಿಂದ ನೋಡಿ "ದಿನಾ ತಗೋತೀರೇನಮ್ಮಾ?" ಅಂದರು. ಅಮ್ಮ "ಹೂಂ" ಅಂದರು. ಪಕ್ಕದಲ್ಲಿ ಕೂತಿದ್ದ ನಾನು, ಬೆಂಗಳೂರಿನಿಂದ ಒಂದು ದಿನ ರಜೆ ಹಾಕಿ ಬಂದಿದ್ದ ಜವಾಬ್ದಾರಿಯುತ ಮಗ, "ಮರೀತಾರೆ ಡಾಕ್ಟ್ರೇ" ಅಂದುಬಿಟ್ಟೆ.

ಅಮ್ಮ ಏನೂ ಹೇಳಲಿಲ್ಲ. ವಾಪಸ್ ಬರುವಾಗ ಹಾಸನ ಬಸ್‌ಸ್ಟ್ಯಾಂಡ್‌ವರೆಗೂ ಮಾತಾಡಲಿಲ್ಲ.

ನಾನು ಅಷ್ಟಕ್ಕೇ ಬಿಡೋ ಆಸಾಮಿ ಅಲ್ಲ. ವಾರದ ಏಳು ಗೂಡುಗಳಿರೋ ಒಂದು ಮಾತ್ರೆ ಡಬ್ಬಿ ತಂದುಕೊಟ್ಟೆ. ಮುಂದಿನ ಮೂರು ಸಲ ಊರಿಗೆ ಹೋದಾಗ ಕದ್ದು ಮಾತ್ರೆ ಎಣಿಸಿದೆ (ಹೌದು, ನಾಚಿಕೆಯ ವಿಷಯವೇ). ಲೆಕ್ಕ ಪಕ್ಕಾ ಇತ್ತು, ಒಂದೂ ಹೆಚ್ಚುಕಮ್ಮಿ ಇಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಕಲಿಯೋ ಮೊದಲ ಪಾಠ ಇದು: ಇನ್‌ಪುಟ್ ಸರಿಯಿದ್ದು ಔಟ್‌ಪುಟ್ ತಪ್ಪಿದ್ದರೆ ಬಗ್ ಇರೋದು ಮಧ್ಯದಲ್ಲಿ. ಹಾಗಾದರೆ ಈ ಮಾತ್ರೆಗೂ ಆ ಸಂಖ್ಯೆಗೂ ಮಧ್ಯೆ ಇರೋದೇನು? ಅದನ್ನ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ನೂರಮೂವತ್ತು ವರ್ಷಕ್ಕೂ ಹಳೆಯ ಒಂದು ಕಥೆ. ಅದನ್ನೇ ನಿಮಗೂ ಹೇಳ್ತೀನಿ, ಅಮ್ಮನ ವಿಷಯಕ್ಕೆ ಆಮೇಲೆ ಬರ್ತೀನಿ.

*

1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಅನ್ನೋ ವೈದ್ಯರು ವಿಚಿತ್ರವಾದ ಒಂದು ಸ್ಥಿತಿಯನ್ನು ವರ್ಣಿಸಿದರು. ನಡುವಯಸ್ಸಿನ ಹೆಂಗಸರು, ಚೆನ್ನಾಗಿದ್ದವರು, ನಿಧಾನವಾಗಿ ಮಂಕಾಗುತ್ತಾರೆ. ಮುಖ ಊದಿಕೊಳ್ಳುತ್ತೆ, ಮಾತು ತಡವರಿಸುತ್ತೆ, ಚಳಿ ತಡೆಯೋಕಾಗಲ್ಲ. 1878ರಲ್ಲಿ ವಿಲಿಯಂ ಆರ್ಡ್ ಇದಕ್ಕೆ ಮಿಕ್ಸಿಡೀಮಾ ಅಂತ ಹೆಸರಿಟ್ಟರು. ಹೆಸರೇನೋ ಸಿಕ್ಕಿತು, ಕಾರಣ ಸಿಗಲಿಲ್ಲ.

ಕಾರಣ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಅದೂ ಒಂದು ದುರಂತದ ಮೂಲಕ. ಆಲ್ಪ್ಸ್ ಬೆಟ್ಟಗಳ ಮಣ್ಣಲ್ಲಿ ಅಯೋಡಿನ್ ಕಮ್ಮಿ, ಹಾಗಾಗಿ ಗಳಗಂಡ ಅಲ್ಲಿ ಮನೆಮಾತು. ಬರ್ನ್ ನಗರದ ಥಿಯೊಡೋರ್ ಕೋಕರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಎತ್ತಿದ ಕೈ. ರಕ್ತಸ್ರಾವವಾಗಿ ರೋಗಿ ಸಾಯೋದೇ ಮಾಮೂಲಾಗಿದ್ದ ಕಾಲದಲ್ಲಿ, ಶುಚಿಯಾಗಿ, ಒಂದು ಚೂರೂ ಉಳಿಸದೆ ಗ್ರಂಥಿಯನ್ನು ತೆಗೆದುಬಿಡುತ್ತಿದ್ದರು. 1874ರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಗೆ ಹೀಗೇ ಮಾಡಿದರು. ಗಾಯ ಚೆನ್ನಾಗಿ ವಾಸಿಯಾಯಿತು, ಮನೆಗೆ ಕಳಿಸಿದರು.

ಕೆಲವು ವರ್ಷಗಳಾದ ಮೇಲೆ, ಆ ಹುಡುಗಿಯ ಸ್ವಭಾವವೇ ಬದಲಾಗಿಹೋಗಿದೆ ಅನ್ನೋ ಸುದ್ದಿ ಕೋಕರ್ ಕಿವಿಗೆ ಬಿತ್ತು. ಕರೆಸಿ ನೋಡಿದರು. ಆಪರೇಷನ್‌ಗೆ ಮುಂಚೆ ಅವಳಿಗೂ ಅವಳ ತಂಗಿಗೂ ವ್ಯತ್ಯಾಸ ಗೊತ್ತಾಗದಷ್ಟು ಹೋಲಿಕೆ ಇತ್ತಂತೆ. ಈಗ ತಂಗಿ ಬೆಳೆದು ನಿಂತಿದ್ದಾಳೆ, ಅಕ್ಕ ಗಿಡ್ಡವಾಗೇ ಉಳಿದು, ಮುಖ ಊದಿ, ಮಂಕಾಗಿದ್ದಾಳೆ. ಗಾಬರಿಬಿದ್ದ ಕೋಕರ್ ತಮ್ಮ ಹಳೆಯ ರೋಗಿಗಳನ್ನೆಲ್ಲ ಹುಡುಕಿ ಕರೆಸಿದರು. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡಿದ್ದ ಬಹುತೇಕರದ್ದು ಇದೇ ಕಥೆ.

1883ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಕೋಕರ್ ಎದ್ದು ನಿಂತು ತಮ್ಮ ಕೈಯಿಂದಲೇ ಆದ ಈ ಅನಾಹುತವನ್ನ ಎಲ್ಲರ ಮುಂದೆ ಹೇಳಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು, ಥೈರಾಯ್ಡ್ ಕುರಿತ ಕೆಲಸಕ್ಕೇ. ನನಗೆ ನೊಬೆಲ್ಲಿಗಿಂತ ದೊಡ್ಡದಾಗಿ ಕಾಣೋದು ಆ ಹಳೆಯ ರೋಗಿಗಳನ್ನ ವಾಪಸ್ ಕರೆಸಿದ್ದು. ರಿಲೀಸ್ ಮಾಡಿದ ಮೇಲೆ ಪ್ರೊಡಕ್ಷನ್‌ನಲ್ಲಿ ಏನಾಗಿದೆ ಅಂತ ತಾನಾಗೇ ಹೋಗಿ ನೋಡೋರು ಎಷ್ಟು ಜನ ಇದ್ದಾರೆ ಹೇಳಿ?

ಲಂಡನ್ನಿನಲ್ಲಿ ಒಂದು ಸಮಿತಿ ಕೂತು, ನೂರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿ, 1888ರಲ್ಲಿ ವರದಿ ಕೊಟ್ಟಿತು. ಗಲ್ ಕಂಡ ಹೆಂಗಸರದ್ದೂ ಕೋಕರ್ ರೋಗಿಗಳದ್ದೂ ಒಂದೇ ಕಾಯಿಲೆ, ಎರಡಕ್ಕೂ ಥೈರಾಯ್ಡ್ ಇಲ್ಲದಿರೋದೇ ಕಾರಣ ಅಂತ. ಅಂಥವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಭ್ರಮೆಗಳೂ ಕಾಣಿಸಿಕೊಳ್ಳುತ್ತಿದ್ದವು ಅಂತಲೂ ವರದಿಯಲ್ಲಿತ್ತು. ಇದನ್ನ ಲೋಕ ಎಷ್ಟು ಬೇಗ ಮರೆಯಿತು ಅಂದರೆ, 1949ರಲ್ಲಿ ರಿಚರ್ಡ್ ಆಶರ್ ಅನ್ನೋ ಲಂಡನ್ ವೈದ್ಯರು ಅಂಥದೇ 14 ರೋಗಿಗಳ ಬಗ್ಗೆ ಮತ್ತೆ ಬರೆದು ನೆನಪಿಸಬೇಕಾಯಿತು. ಹುಚ್ಚು ಅಂದುಕೊಂಡವರಲ್ಲಿ ಹಲವರು ಥೈರಾಯ್ಡ್ ಮಾತ್ರೆಯಿಂದಲೇ ಸರಿಹೋದರು.

*

ಈಗ ಚಿಕಿತ್ಸೆಯ ಕಥೆ. 1890ರಲ್ಲಿ ಲಿಸ್ಬನ್ನಿನ ಇಬ್ಬರು ವೈದ್ಯರು, ಬೆಟೆನ್‌ಕೋರ್ ಮತ್ತು ಸೆರಾನೊ, ಮಿಕ್ಸಿಡೀಮಾ ಇದ್ದ ಒಬ್ಬ ಹೆಂಗಸಿನ ಎದೆಯ ಕೆಳಗೆ, ಚರ್ಮದಡಿಯಲ್ಲಿ, ಕುರಿಯ ಥೈರಾಯ್ಡ್‌ನ ಅರ್ಧ ಭಾಗವನ್ನ ಇಟ್ಟು ಹೊಲಿದರು. ತಕ್ಷಣವೇ ಆಕೆ ಚೇತರಿಸಿಕೊಳ್ಳೋಕೆ ಶುರುಮಾಡಿದಳು.

ಈ ಸುದ್ದಿ ಓದಿದ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ ತಲೆಗೆ ಒಂದು ಹುಳ ಹೊಕ್ಕಿತು. ಕಸಿ ಮಾಡಿದ ಗ್ರಂಥಿ ಅಷ್ಟು ಬೇಗ ಬೇರುಬಿಟ್ಟು ಕೆಲಸ ಮಾಡೋಕೆ ಸಾಧ್ಯವೇ ಇಲ್ಲ. ಹಾಗಾದರೆ ಗುಣ ಕೊಟ್ಟಿದ್ದು ಗ್ರಂಥಿಯಲ್ಲ, ಅದರ ರಸ ದೇಹದೊಳಗೆ ಹೀರಿಕೊಂಡಿದ್ದು! ಹಾಗಿದ್ದಮೇಲೆ ಹೊಲಿಗೆ ಯಾಕೆ, ರಸವನ್ನೇ ಚುಚ್ಚಿದರೆ ಸಾಲದಾ? ಊರಿನ ವೈದ್ಯರ ಸಭೆಯಲ್ಲಿ ಹೇಳಿದಾಗ ಲೇವಡಿ ಮಾಡಿದ ಹಿರಿಯರೂ ಇದ್ದರು. ಮರ್ರೆಗೆ ಆಗ 26 ವರ್ಷ, ಅಂದರೆ ನನಗಿಂತ ಚಿಕ್ಕವನು. (ಆ ವಯಸ್ಸಲ್ಲಿ ನಾನು ಲಾಗಿನ್ ಪೇಜಿನ ಬಟನ್ ಬಣ್ಣ ಬದಲಾಯಿಸ್ತಿದ್ದೆ.)

1891ರಲ್ಲಿ ಆತ ಕಸಾಯಿಖಾನೆಯಿಂದ ತಾಜಾ ಕುರಿ ಥೈರಾಯ್ಡ್ ತರಿಸಿ, ಗ್ಲಿಸರಿನ್‌ನಲ್ಲಿ ನೆನೆಸಿ ರಸ ತೆಗೆದು, 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದ. ಕೆಲವೇ ತಿಂಗಳಲ್ಲಿ ಆಕೆಯ ಊತ ಇಳಿಯಿತು, ಮಾತು ಚುರುಕಾಯಿತು. ಮರುವರ್ಷವೇ, 1892ರಲ್ಲಿ, ಲಂಡನ್ನಿನ ಮೆಕೆಂಜಿ ಮತ್ತು ಪ್ಲಿಮತ್‌ನ ಫಾಕ್ಸ್ ಅನ್ನೋ ವೈದ್ಯರು ಬೇರೆಬೇರೆಯಾಗಿ ತೋರಿಸಿಕೊಟ್ಟರು: ಚುಚ್ಚೋದೂ ಬೇಡ, ಬಾಯಲ್ಲಿ ತಿಂದರೂ ಸಾಕು. ಮರ್ರೆಯ ಆ ಮೊದಲ ರೋಗಿ 1919ರವರೆಗೆ, ತನ್ನ 74ನೇ ವಯಸ್ಸಿನವರೆಗೆ, ಬದುಕಿದಳು. 28 ವರ್ಷಗಳಲ್ಲಿ ಆಕೆಗೆ ಬಳಕೆಯಾಗಿದ್ದು 870ಕ್ಕೂ ಹೆಚ್ಚು ಕುರಿಗಳ ಥೈರಾಯ್ಡ್.

ತಿಂದರೂ ಸಾಕು ಅನ್ನೋದು ಸಣ್ಣ ಮಾತಲ್ಲ. ಇನ್ಸುಲಿನ್ ನೋಡಿ, 1922ರಲ್ಲಿ ಮೊದಲ ಸಲ ರೋಗಿಗೆ ಕೊಟ್ಟಾಗಲೂ ಚುಚ್ಚಲೇಬೇಕಿತ್ತು. ಅದು ಪ್ರೋಟೀನು, ಹೊಟ್ಟೆಗೆ ಹೋದರೆ ಬೇಳೆಯ ಹಾಗೆ ಜೀರ್ಣ ಆಗಿಹೋಗುತ್ತೆ. ಥೈರಾಯ್ಡ್ ಹಾರ್ಮೋನು ಹಾಗಲ್ಲ. ಅದು ಅಯೋಡಿನ್ ಅಂಟಿಕೊಂಡಿರೋ ಪುಟ್ಟ ಅಮೈನೋ ಆಮ್ಲ. ಗ್ರಂಥಿಯಲ್ಲಿ ದೊಡ್ಡ ಪ್ರೋಟೀನಿನೊಳಗೆ ಸೇರಿಕೊಂಡಿರುತ್ತೆ. ಹೊಟ್ಟೆ ಆ ಪ್ರೋಟೀನನ್ನು ಮುರಿದಾಗ ಇದು ಬಿಡಿಸಿಕೊಂಡು, ಹಾಳಾಗದೆ, ಸಣ್ಣಕರುಳಿನ ಮೂಲಕ ರಕ್ತ ಸೇರುತ್ತೆ. 1892ರ ವೈದ್ಯರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಕೊಟ್ಟರು, ಕೆಲಸ ಮಾಡಿತು, ಅಷ್ಟೆ.

*

ಗೊತ್ತಾಗ್ತಾ ಹೋಗಿದ್ದು ನಿಧಾನವಾಗಿ. 1895ರಲ್ಲಿ ಜರ್ಮನಿಯ ಯೂಗೆನ್ ಬೌಮನ್ ಥೈರಾಯ್ಡ್‌ನಲ್ಲಿ ಅಯೋಡಿನ್ ಇರೋದನ್ನ ಕಂಡುಹಿಡಿದರು. 1914ರ ಕ್ರಿಸ್‌ಮಸ್ ದಿನ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಶುದ್ಧ ಹಾರ್ಮೋನಿನ ಹರಳುಗಳನ್ನ ಪಡೆದರು. ಅದೇ ಥೈರಾಕ್ಸಿನ್. ಮುಂದೆ ಅವರು ಸುಮಾರು ಮೂರು ಟನ್ ಹಂದಿ ಥೈರಾಯ್ಡ್‌ನಿಂದ ತೆಗೆದದ್ದು 33 ಗ್ರಾಂ ಮಾತ್ರ. ಇದನ್ನ ಓದಿ ಕ್ಯಾಲ್ಕುಲೇಟರ್ ತೆಗೆದೆ. ಅಮ್ಮನ ಮಾತ್ರೆಯಲ್ಲಿರೋದು 100 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಹತ್ತುಸಾವಿರದಲ್ಲೊಂದು ಭಾಗ. ಆ 33 ಗ್ರಾಂ ಅಮ್ಮನೊಬ್ಬರಿಗೆ 900 ವರ್ಷ ಬರುತ್ತೆ! ಇಷ್ಟು ಚಿಟಿಕೆಯ ಮೇಲೆ ಇಡೀ ಮೈಯ ಬಿಸಿ, ಚುರುಕು, ಮನಸ್ಸಿನ ಉತ್ಸಾಹ ಎಲ್ಲ ನಿಂತಿದೆ ಅಂದರೆ ನಂಬೋದು ಕಷ್ಟ.

ಕೆಂಡಾಲ್ ಊಹಿಸಿದ್ದ ರಚನೆ ತಪ್ಪಾಗಿತ್ತು. ಸರಿಯಾದ್ದನ್ನ 1926ರಲ್ಲಿ ಲಂಡನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ ಕಂಡುಹಿಡಿದರು: ಎರಡು ಉಂಗುರ, ಅವುಗಳ ಮೇಲೆ ನಾಲ್ಕು ಅಯೋಡಿನ್. ಮರುವರ್ಷ ಜಾರ್ಜ್ ಬಾರ್ಗರ್ ಜೊತೆ ಸೇರಿ ಪ್ರಯೋಗಾಲಯದಲ್ಲೇ ತಯಾರಿಸಿದರು. ಆದರೆ ಶುದ್ಧ ಥೈರಾಕ್ಸಿನ್ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳುತ್ತಿರಲಿಲ್ಲ. 1949ರಲ್ಲಿ ಅದರ ಸೋಡಿಯಂ ಲವಣ ಬಂದಮೇಲೆ ಆ ತೊಂದರೆ ನೀಗಿತು. ಇವತ್ತು ಅಮ್ಮ ನುಂಗೋದು ಅದನ್ನೇ.

ಇಷ್ಟಾದ ಮೇಲೆ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದಾಗ 1952ರಲ್ಲಿ ಒಂದು ತಿರುವು. ಹ್ಯಾರಿಂಗ್ಟನ್ ಅವರ ಜೊತೆಯಲ್ಲೇ ಪಳಗಿದ್ದ ರೊಸಾಲಿಂಡ್ ಪಿಟ್-ರಿವರ್ಸ್ ಮತ್ತು ಕೆನಡಾದಿಂದ ಬಂದಿದ್ದ ಜ್ಯಾಕ್ ಗ್ರಾಸ್ ಮನುಷ್ಯರ ರಕ್ತದಲ್ಲಿ ಇನ್ನೊಂದು ಹಾರ್ಮೋನು ಪತ್ತೆಹಚ್ಚಿದರು. ಥೈರಾಕ್ಸಿನ್ ಥರವೇ, ಆದರೆ ಅಯೋಡಿನ್ ನಾಲ್ಕರ ಬದಲು ಮೂರು. ಅದಕ್ಕೇ ಇದು ಟಿ3, ಹಳೆಯದು ಟಿ4. ಪರೀಕ್ಷಿಸಿದರೆ ಟಿ3 ಎಷ್ಟೋ ಪಟ್ಟು ಪ್ರಬಲ! ಪ್ಯಾರಿಸ್ಸಿನ ಜ್ಯಾ ರೋಶ್ ತಂಡವೂ ಅದೇ ವರ್ಷ ಇದನ್ನೇ ಕಂಡುಕೊಂಡಿತ್ತು.

ಗ್ರಾಸ್ ಮತ್ತು ಪಿಟ್-ರಿವರ್ಸ್‌ಗೆ ಒಂದು ಅನುಮಾನ ಬಂತು. ಟಿ4 ಬರೀ ಕಚ್ಚಾವಸ್ತು ಇರಬಹುದಾ? ದೇಹವೇ ಅದರಿಂದ ಒಂದು ಅಯೋಡಿನ್ ಕಿತ್ತು ಟಿ3 ಮಾಡಿಕೊಳ್ಳುತ್ತಾ? 1955ರಲ್ಲಿ ಪಿಟ್-ರಿವರ್ಸ್, ಅಮೆರಿಕದ ಸ್ಟ್ಯಾನ್ಬರಿ ಮತ್ತು ಇನ್ನೊಬ್ಬರು ಸೇರಿ ಹೌದು ಅಂತ ಪ್ರಕಟಿಸಿದರು. 1958ರಲ್ಲಿ ಅದೇ ಸ್ಟ್ಯಾನ್ಬರಿ ಬೇರೆ ಸಹೋದ್ಯೋಗಿಯ ಜೊತೆ ಪ್ರಯೋಗ ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲೇ ಇಲ್ಲ. ಅದನ್ನೂ ಪ್ರಕಟಿಸಿದರು. ಸರಿಯಿದ್ದ ಒಂದು ಊಹೆ ಹತ್ತು ವರ್ಷಕ್ಕೂ ಮೇಲೆ ಮೂಲೆಗೆ ಬಿತ್ತು.

ಬಿಡಿಸಿದ್ದು 1970ರಲ್ಲಿ, ಬ್ರೇವರ್‌ಮನ್, ಇಂಗ್‌ಬಾರ್ ಮತ್ತು ಸ್ಟರ್ಲಿಂಗ್. ಅವರು ಆರಿಸಿಕೊಂಡಿದ್ದು ಥೈರಾಯ್ಡ್ ಇಲ್ಲದ ಅಥವಾ ಕೆಲಸ ಮಾಡದ 13 ಜನರನ್ನು. ಇವರೆಲ್ಲ ನುಂಗುತ್ತಿದ್ದದ್ದು ಟಿ4 ಮಾತ್ರ. ರಕ್ತದಲ್ಲಿ ಟಿ3 ಇದ್ದರೆ ಅದು ಗ್ರಂಥಿಯಿಂದ ಬಂದಿರೋಕೆ ಸಾಧ್ಯವಿಲ್ಲ. ನೋಡಿದರೆ ಎಲ್ಲರಲ್ಲೂ ಟಿ3 ಇತ್ತು! ಮಾತ್ರೆಯಲ್ಲೇ ಟಿ3 ಬೆರಕೆಯಾಗಿರಬಹುದು ಅನ್ನೋ ಅನುಮಾನವನ್ನೂ ಪರಿಶೀಲಿಸಿ ತಳ್ಳಿಹಾಕಿದರು. ಎಷ್ಟು ಚಂದದ ಟೆಸ್ಟ್ ಕೇಸ್ ನೋಡಿ.

ಮರ್ರೆಯ ಚುಚ್ಚುಮದ್ದಿನಿಂದ ಇಲ್ಲಿಗೆ 79 ವರ್ಷ. ಅಷ್ಟು ಕಾಲ ಜನ ಗುಣವಾಗ್ತಾ ಇದ್ದರು, ಹೇಗೆ ಅಂತ ಪೂರ್ತಿ ಗೊತ್ತಿರಲಿಲ್ಲ.

*

ಈಗ ಗೊತ್ತಿರೋದು ಇಷ್ಟು. ಥೈರಾಯ್ಡ್ ಮುಖ್ಯವಾಗಿ ಟಿ4 ತಯಾರಿಸುತ್ತೆ. ನಮ್ಮ ಮೈಯಲ್ಲಿರೋ ಟಿ3ರ ಸುಮಾರು 80 ಶೇಕಡಾ ಗ್ರಂಥಿಯ ಹೊರಗೆ, ಯಕೃತ್ತು, ಮೂತ್ರಪಿಂಡ, ಸ್ನಾಯು, ಮೆದುಳು ಇಲ್ಲೆಲ್ಲ ಟಿ4ರಿಂದ ಆಗೋದು. ಈ ಕೆಲಸ ಮಾಡೋ ಕಿಣ್ವಗಳಿಗೆ ಡಿಅಯೋಡಿನೇಸ್ ಅಂತ ಹೆಸರು. ಇವಕ್ಕೆ ಸೆಲೆನಿಯಂ ಬೇಕು ಅನ್ನೋದು 1990ರ ಸುಮಾರಿಗೆ ತಿಳಿಯಿತು. ಹೊರಗಿನ ಉಂಗುರದ ಅಯೋಡಿನ್ ಕಿತ್ತರೆ ಚುರುಕಾದ ಟಿ3, ಒಳಗಿನದ್ದು ಕಿತ್ತರೆ ಕೆಲಸಕ್ಕೆ ಬಾರದ ರಿವರ್ಸ್ ಟಿ3. ಉಪವಾಸ ಬಿದ್ದಾಗ, ಜೋರಾಗಿ ಕಾಯಿಲೆಯಾದಾಗ ದೇಹ ಟಿ3 ಕಮ್ಮಿ ಮಾಡಿಕೊಂಡು ಖರ್ಚು ಉಳಿಸುತ್ತೆ. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಒಂದು ವಾರ ಬೇಕು, ಟಿ3ಗೆ ಒಂದು ದಿನ ಸಾಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟಿ4 ಅನ್ನೋದು ಎಲ್ಲರಿಗೂ ಹಂಚಿದ ಸೋರ್ಸ್ ಕೋಡ್. ಪ್ರತಿ ಅಂಗವೂ ತನಗೆ ಬೇಕಾದಷ್ಟನ್ನ ತಾನೇ ಕಂಪೈಲ್ ಮಾಡಿಕೊಳ್ಳುತ್ತೆ.

ಆದರೆ ಕೋಡ್ ಮೊದಲು ತಲುಪಬೇಕಲ್ಲ? ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮಾತ್ರೆಯ 70ರಿಂದ 80 ಶೇಕಡಾ ರಕ್ತ ಸೇರುತ್ತೆ. ಊಟದ ಜೊತೆ ಹೋದರೆ ಕಮ್ಮಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಜೊತೆಗಿದ್ದರೆ ಅವು ಅದನ್ನ ಕರುಳಲ್ಲೇ ಹಿಡಿದುಕೊಳ್ಳುತ್ತವೆ. 2008ರಲ್ಲಿ ಇಟಲಿಯ ವೈದ್ಯರ ತಂಡವೊಂದು ಇನ್ನೊಬ್ಬ ಆರೋಪಿಯನ್ನ ಹಿಡಿದುಕೊಟ್ಟಿತು. ಕಾಫಿ!

ಇದನ್ನ ಓದಿದ ವಾರವೇ ಊರಿಗೆ ಹೋದೆ. ಬೆಳಿಗ್ಗೆ ಐದೂವರೆಗೆ ಎದ್ದು ಅಡುಗೆಮನೆ ಬಾಗಿಲಲ್ಲಿ ನಿಂತೆ. ಅಮ್ಮ ಫಿಲ್ಟರ್‌ನಿಂದ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ, ಲೋಟ ಕೈಗೆ ತಗೊಂಡು, ಏಳು ಗೂಡಿನ ಡಬ್ಬಿಯಿಂದ ಮಾತ್ರೆ ಬಾಯಿಗೆ ಹಾಕಿ, ಕಾಫಿಯ ಮೊದಲ ಗುಟುಕಿನ ಜೊತೆ ನುಂಗಿದರು. ಹಿಂದೆಯೇ ಇನ್ಯಾರೋ ಡಾಕ್ಟರು ಮಂಡಿನೋವಿಗೆ ಅಂತ ಬರೆದುಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ.

"ಅಮ್ಮ, ಖಾಲಿ ಹೊಟ್ಟೇಲಿ ತಗೋಬೇಕು ಅಂದಿದ್ರಲ್ಲ?"

"ಖಾಲಿ ಹೊಟ್ಟೇಲೇ ತಗೊಂಡೆನಲ್ಲೋ. ಕಾಫಿ ಏನು ತಿಂಡಿನಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದು ಸರಿಯಾಗೇ ಇತ್ತು. ಒಂದು ದಿನವೂ ತಪ್ಪಿಸದೆ, ಹೇಳಿದ ಹಾಗೇ ನುಂಗಿದ್ದರು. ನೀರಲ್ಲಿ ನುಂಗಿ, ಕಾಫಿ ಆಮೇಲೆ ಕುಡಿಯಿರಿ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ದಿನಾ ಎಷ್ಟು ಹೊತ್ತಿಗೆ, ಯಾವುದರ ಜೊತೆ ತಗೋತೀಯ ಅಂತ ನಾನೂ ಒಂದು ಸಲ ಕೇಳಿರಲಿಲ್ಲ. ಕೇಳದೇನೇ "ಮರೀತಾರೆ" ಅಂದಿದ್ದೆ.

ಆವತ್ತೇ ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿದೆವು. ಈಗ ಎದ್ದ ಕೂಡಲೇ ನೀರಿನ ಜೊತೆ ಮಾತ್ರೆ, ಪೂಜೆಗೆ ಹೂ ಬಿಡಿಸಿ ರಂಗೋಲಿ ಹಾಕಿ ಬಂದಮೇಲೆ ಕಾಫಿ, ಕ್ಯಾಲ್ಸಿಯಂ ರಾತ್ರಿ ಊಟದ ಹೊತ್ತಿಗೆ. ಎರಡು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ಮೊದಲ ಬಾರಿಗೆ ಮಿತಿಯೊಳಗೆ ಬಂದಿತ್ತು. ಡೋಸ್ ಏರಿಸೋ ಮಾತೂ ಬರಲಿಲ್ಲ. (ನೀವೂ ಈ ಮಾತ್ರೆ ತಗೋತಿದ್ದರೆ ಇದನ್ನ ಓದಿ ನೀವೇ ಏನೂ ಬದಲಾಯಿಸಬೇಡಿ, ನಿಮ್ಮ ಡಾಕ್ಟರನ್ನ ಕೇಳಿ.)

*

ಇಲ್ಲಿಗೆ ಮುಗಿಸಿದರೆ ಸಿನಿಮಾ ಥರ ಚೆನ್ನಾಗಿರುತ್ತೆ. ಆದರೆ ನಿಜ ಹೇಳಬೇಕು. ಸಂಖ್ಯೆ ಸರಿಹೋದ ಮೇಲೆ ಅಮ್ಮ ಎಷ್ಟೋ ಮೇಲು, ಆದರೆ "ಮುಂಚಿನ ಹಾಗಿಲ್ಲ ಕಣೋ" ಅಂತ ಈಗಲೂ ಒಮ್ಮೊಮ್ಮೆ ಹೇಳ್ತಾರೆ. ಹಳೆಯ ನಾನಾಗಿದ್ದರೆ ರಿಪೋರ್ಟ್ ತೋರಿಸಿ "ನಾರ್ಮಲ್ ಇದೆಯಲ್ಲಮ್ಮ" ಅಂತಿದ್ದೆ.

ಟಿಎಸ್‌ಎಚ್ ಅನ್ನೋದು ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಕೊಡೋ ಸಾಕ್ಷಿ. ಆ ಗ್ರಂಥಿ ತನಗೆ ಬೇಕಾದ ಟಿ3ಯನ್ನ ತಾನೇ ಚೆನ್ನಾಗಿ ಮಾಡಿಕೊಳ್ಳುತ್ತೆ. ಅದು "ನನಗೆ ಸಾಕು" ಅಂದರೆ ಉಳಿದೆಲ್ಲ ಅಂಗಗಳಿಗೂ ಸಾಕಾಗಿದೆ ಅಂತ ಆಗುತ್ತಾ? 1995ರಲ್ಲಿ ಮ್ಯಾಡ್ರಿಡ್‌ನ ವಿಜ್ಞಾನಿಗಳು ಥೈರಾಯ್ಡ್ ತೆಗೆದ ಇಲಿಗಳಿಗೆ ಬರೀ ಟಿ4 ಕೊಟ್ಟು ನೋಡಿದಾಗ ಎಲ್ಲ ಅಂಗಗಳೂ ಒಟ್ಟಿಗೆ ಸಹಜ ಸ್ಥಿತಿಗೆ ಬರಲಿಲ್ಲ. ಮನುಷ್ಯರಲ್ಲಿ? 1999ರಲ್ಲಿ ಲಿಥುವೇನಿಯಾದಲ್ಲಿ 33 ರೋಗಿಗಳಿಗೆ ಟಿ4 ಜೊತೆ ಸ್ವಲ್ಪ ಟಿ3 ಸೇರಿಸಿ ಕೊಟ್ಟಾಗ ಅವರ ಮನಸ್ಥಿತಿ ಸುಧಾರಿಸಿತು ಅಂತ ವರದಿಯಾಯಿತು. ಆಮೇಲೆ ಬಂದ ಹೆಚ್ಚಿನ ಪ್ರಯೋಗಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಟಿ4 ಒಂದೇ ಇವತ್ತಿಗೂ ಮುಖ್ಯ ಚಿಕಿತ್ಸೆ. ಮಾತ್ರೆಯಿಂದ ಸಂಖ್ಯೆ ಸರಿಹೋದರೂ ಮೈಗೆ ಪೂರ್ತಿ ಸರಿಹೋಗದವರು ಒಂದಷ್ಟು ಜನ ಇದ್ದೇ ಇದ್ದಾರೆ ಅನ್ನೋದನ್ನ ಮಾತ್ರ ವೈದ್ಯರ ಸಂಘಗಳೂ ಒಪ್ಪುತ್ತವೆ.

ಈ ಇಡೀ ಇತಿಹಾಸದಲ್ಲಿ ನನಗೆ ಕಂಡಿದ್ದು ಒಂದೇ. ಪ್ರತಿ ಹೆಜ್ಜೆಯಲ್ಲೂ ರೋಗಿಗಳು, ಅವರಲ್ಲೂ ಹೆಚ್ಚಾಗಿ ಹೆಂಗಸರು, ಮೊದಲು ಹೇಳಿದ್ದಾರೆ. ಚಳಿ ಅಂದಿದ್ದಾರೆ, ಸುಸ್ತು ಅಂದಿದ್ದಾರೆ, ಮೊದಲಿನ ಹಾಗಿಲ್ಲ ಅಂದಿದ್ದಾರೆ. ಅದಕ್ಕೆ ಕಾರಣ ಕೊಡೋ ಪ್ರಯೋಗ ಬರೋಕೆ ಹತ್ತೋ, ಇಪ್ಪತ್ತೋ, ಎಪ್ಪತ್ತೊಂಬತ್ತೋ ವರ್ಷ ಹಿಡಿದಿದೆ. ಹಳೆಯ ರೋಗಿಗಳನ್ನ ವಾಪಸ್ ಕರೆಸಿ ಕೇಳಿದ ಕೋಕರ್‌ಗೆ ಮಾತ್ರ ಬೇಗ ಗೊತ್ತಾಯಿತು.

ಹೋದ ಭಾನುವಾರ ಫೋನ್ ಮಾಡಿದಾಗ ಅಮ್ಮ ಮತ್ತೆ "ಯಾಕೋ ಇವತ್ತು ಸುಸ್ತು" ಅಂದರು. ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು "ಹೇಗಾಗ್ತಿದೆ, ಹೇಳಮ್ಮ" ಅಂದೆ. ಇಪ್ಪತ್ತು ನಿಮಿಷ ಹೇಳಿದರು. ಕೊನೆಗೆ ಅವರೇ, "ಇರು, ಕಾಫಿ ಹೊತ್ತಾಯ್ತು" ಅಂತ ಫೋನ್ ಇಟ್ಟರು.